ಶ್ವಾಸಕೋಶದ ಕ್ಯಾನ್ಸರ್ ಕೋಶ ಫ್ಲಾಸ್ಕಿನಲ್ಲಿ ಬೆಳೆಯಲು ಯಾಕಿಷ್ಟು ಸತಾಯಿಸುತ್ತದೆ?

ರೋಗಿಯ ಎದೆಯಲ್ಲಿ ಅಂಕೆಯಿಲ್ಲದೆ ಬೆಳೆದ ಕ್ಯಾನ್ಸರ್ ಕೋಶ ಲ್ಯಾಬಿನ ಫ್ಲಾಸ್ಕಿನಲ್ಲೂ ಹಾಗೇ ಬೆಳೆಯುತ್ತದೆ ಅಂತ ಹೊಸ ವಿದ್ಯಾರ್ಥಿಗಳು ಅಂದುಕೊಂಡಿರುತ್ತಾರೆ. ಇಲ್ಲ. ಹೆಚ್ಚಿನ ಸಲ ಅದು ಸಾಯುತ್ತದೆ.

ಆಪರೇಷನ್‌ನಲ್ಲಿ ತೆಗೆದ ಗಡ್ಡೆಯಲ್ಲಿ ಬರೀ ಕ್ಯಾನ್ಸರ್ ಕೋಶ ಇರುವುದಿಲ್ಲ ಅಲ್ವಾ? ಅಂಗಾಂಶಗಳನ್ನು ಹಿಡಿದಿಡುವ ಸಾಮಾನ್ಯ ಕೋಶಗಳಾದ ಫೈಬ್ರೊಬ್ಲಾಸ್ಟ್‌ಗಳೂ ಇರುತ್ತವೆ. ತುಂಡನ್ನು ಸಣ್ಣಗೆ ಕತ್ತರಿಸಿ, ಕರುವಿನ ಸೀರಮ್ (ರಕ್ತದಿಂದ ಬೇರ್ಪಡಿಸಿದ ದ್ರವ) ಬೆರೆಸಿದ ಮೀಡಿಯಾದಲ್ಲಿ, ಅಂದರೆ ಕೋಶಗಳಿಗೆ ಆಹಾರ ಕೊಡುವ ದ್ರವದಲ್ಲಿ, 37 ಡಿಗ್ರಿಗೆ ಇಟ್ಟರೆ ಕೆಲವೇ ವಾರಗಳಲ್ಲಿ ತಳದ ತುಂಬ ಕೋಶಗಳು ಹರಡಿಕೊಳ್ಳುತ್ತವೆ. ಖುಷಿಪಡುವ ಮೊದಲು ಮೈಕ್ರೋಸ್ಕೋಪಿನಲ್ಲಿ ನೋಡಿ. ಉದ್ದಕ್ಕೆ, ಎರಡೂ ತುದಿ ಚೂಪಾಗಿ, ಒಂದೇ ದಿಕ್ಕಿಗೆ ಮಲಗಿದ್ದರೆ ಅವು ಫೈಬ್ರೊಬ್ಲಾಸ್ಟ್. ರಾಗಿ ಹೊಲಕ್ಕೆ ಹಾಕಿದ ಗೊಬ್ಬರ ತಿಂದು ಕಳೆ ಎದ್ದ ಹಾಗೆ!

ಕೋಶಗಳ ಅಂಟು ಬಿಡಿಸುವ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಸ್ವಲ್ಪವೇ ಹೊತ್ತು ಬಿಟ್ಟರೆ ಫೈಬ್ರೊಬ್ಲಾಸ್ಟ್‌ಗಳು ಮೊದಲು ಕಳಚಿಕೊಳ್ಳುತ್ತವೆ, ಚೆಲ್ಲಿಬಿಡಬಹುದು. ಒತ್ತೊತ್ತಾಗಿ ಅಂಟಿಕೊಂಡ ಕ್ಯಾನ್ಸರ್ ಗುಂಪುಗಳು ತಳದಲ್ಲೇ ಉಳಿಯುತ್ತವೆ. ಆದರೆ ಇದು ಮುಗಿಯುವ ಕೆಲಸವಲ್ಲ, ವಾರ ಬಿಟ್ಟು ನೋಡಿದರೆ ಫೈಬ್ರೊಬ್ಲಾಸ್ಟ್ ಮತ್ತೆ ಹಾಜರ್.

ಸೀರಮ್ಮಿನಲ್ಲೇ ಗೆದ್ದು ಬಂದ ಗಟ್ಟಿಗರೂ ಇದ್ದಾರೆ. 1972ರಲ್ಲಿ 58 ವರ್ಷದ ಗಂಡಸೊಬ್ಬರ ಗಡ್ಡೆಯಿಂದ ಬಂದ ಎ549 ಎಂಬ ಲೈನ್ (ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಕೋಶಗಳ ಪೀಳಿಗೆ) ಇವತ್ತಿಗೂ ಎಲ್ಲ ಲ್ಯಾಬಿನಲ್ಲೂ ಸಿಗುತ್ತದೆ. ಶ್ವಾಸಕೋಶದ ಕ್ಯಾನ್ಸರಿನಲ್ಲೇ ಬೇಗ ಹರಡುವ ಬಗೆಯಾದ ಸ್ಮಾಲ್ ಸೆಲ್ ಕ್ಯಾನ್ಸರ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಆದಿ ಗಜ್ದರ್ ಮತ್ತು ಜಾನ್ ಮಿನ್ನಾ ಅವರ ತಂಡ 1980ರ ದಶಕದ ಆರಂಭದಲ್ಲಿ ಸೀರಮ್ಮನ್ನೇ ಬಿಟ್ಟು, ಅದರ ಬದಲು ಹೈಡ್ರೋಕಾರ್ಟಿಸೋನ್, ಇನ್ಸುಲಿನ್, ಟ್ರಾನ್ಸ್‌ಫೆರಿನ್, ಎಸ್ಟ್ರಡಿಯಾಲ್, ಸೆಲೆನಿಯಂ ಹಾಕಿ ನೋಡಿತು. ಫೈಬ್ರೊಬ್ಲಾಸ್ಟ್ ಸೊರಗಿತು, ಕ್ಯಾನ್ಸರ್ ಕೋಶಗಳು ತಳಕ್ಕೆ ಅಂಟದೆ ಗೊಂಚಲು ಗೊಂಚಲಾಗಿ ತೇಲುತ್ತಾ ಬೆಳೆದವು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಜಾಣ ಉಪಾಯ ಇದೇ.

ಎದೆಗೂಡಿನಲ್ಲಿ ತುಂಬಿದ ನೀರಿನಿಂದಲೂ ಲೈನ್ ಮಾಡುತ್ತಾರೆ, ಗಡ್ಡೆಗಿಂತ ಅದು ವಾಸಿ. ಆದರೆ ನೀರು ತುಂಬುವುದು ರೋಗ ಮುಂದುವರಿದ ಮೇಲೆ. ಹಾಗಾಗಿ ನಮ್ಮ ಫ್ರೀಜರುಗಳಲ್ಲಿ ಆರಂಭದ ಹಂತದ ಕ್ಯಾನ್ಸರ್ ಕಡಿಮೆ. ಪೇಪರ್ ಬರೆಯುವಾಗ ಇದನ್ನು ಎಲ್ಲರೂ ಮರೆಯುತ್ತಾರೆ.

ಲೈನ್ ನಿಂತಿತು ಅನಿಸಿದ ತಕ್ಷಣ, ಇನ್ನೂ ಎಳೆಯ ಪ್ಯಾಸೇಜಿನಲ್ಲೇ (ಫ್ಲಾಸ್ಕಿನಿಂದ ಫ್ಲಾಸ್ಕಿಗೆ ಕೆಲವೇ ಸಲ ಬದಲಿಸಿದಾಗ), ಹಿಮದಿಂದ ಕೋಶ ಒಡೆಯದಂತೆ ಕಾಯುವ ಡಿಎಂಎಸ್‌ಒ ಹಾಕಿ ದ್ರವ ನೈಟ್ರೋಜನ್ನಿಗೆ ಸೇರಿಸಿ. ಎಸ್‌ಟಿಆರ್ (ಡಿಎನ್‌ಎ ಗುರುತು ಪತ್ತೆಮಾಡುವ ಪರೀಕ್ಷೆ) ಮಾಡಿಸಿ ರೋಗಿಯ ರಕ್ತದ ಡಿಎನ್‌ಎ ಜೊತೆ ಹೋಲಿಸಿ, ಇಲ್ಲದಿದ್ದರೆ ಬೇರೆ ಲೈನುಗಳಿಗೆ ನುಗ್ಗುವುದಕ್ಕೆ ಹೆಸರಾದ ಹೀಲಾ ಎಂಬ ಹಳೆಯ ಕ್ಯಾನ್ಸರ್ ಲೈನ್ ಯಾವಾಗ ನುಗ್ಗಿತು ಅಂತ ಗೊತ್ತೇ ಆಗುವುದಿಲ್ಲ. ಕಣ್ಣಿಗೆ ಬೀಳದೆ ಸೇರಿಕೊಳ್ಳುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಟೆಸ್ಟೂ ಬೇಕು. ಸುಮ್ನೆ ಹೇಳುತ್ತಿಲ್ಲ, ಜೋಪಾನ ಮಾಡಿದ ಲೈನ್ ಎಷ್ಟೋ ವರ್ಷದ ಮೇಲೆ ಕೆಲಸಕ್ಕೆ ಬರುತ್ತದೆ. 1988ರಲ್ಲಿ ಸಿಗರೇಟು ಸೇದದ ಹೆಂಗಸೊಬ್ಬರಿಂದ ಮಾಡಿದ ಎಚ್1975 ಲೈನಿನಲ್ಲಿ, ಜೆಫಿಟಿನಿಬ್ ಎಂಬ ಶ್ವಾಸಕೋಶ ಕ್ಯಾನ್ಸರ್ ಮಾತ್ರೆಗೆ ಜಗ್ಗದ ಟಿ790ಎಂ ಮ್ಯುಟೇಷನ್ (ಜೀನಿನಲ್ಲಾದ ಬದಲಾವಣೆ) ಇದೆ ಅಂತ ಗೊತ್ತಾಗಿದ್ದು 2005ರಲ್ಲಿ. ಅದನ್ನು ತಡೆಯುವ ಒಸಿಮೆರ್ಟಿನಿಬ್ ಔಷಧಿಯನ್ನು ಆಮೇಲೆ ಪರೀಕ್ಷಿಸಿದ್ದೂ ಅದೇ ಕೋಶಗಳ ಮೇಲೆ.