ಜೀನೋನ ಮುಷ್ಟಿ, ಮೇಣದ ದಾಳಿಂಬೆ

ನಾವು ಯಾವುದನ್ನಾದರೂ ಅರಿಯುವುದು ಹೇಗೆ ಅಂತ ಪಾಠ ಹೇಳುವಾಗ ಗ್ರೀಕ್ ತತ್ವಜ್ಞಾನಿ ಜೀನೋ ಕೈ ಎತ್ತಿ ತೋರಿಸುತ್ತಿದ್ದನಂತೆ. ಬೆರಳು ಬಿಡಿಸಿದ ಅಂಗೈ ಅಂದರೆ ಕಣ್ಣಿಗೆ ಕಂಡದ್ದು. ಬೆರಳು ಸ್ವಲ್ಪ ಮಡಚಿದರೆ, ಕಂಡದ್ದಕ್ಕೆ ‘ಹೌದು’ ಅಂದದ್ದು. ಪೂರ್ತಿ ಮುಷ್ಟಿ ಕಟ್ಟಿದರೆ ಗ್ರಹಿಕೆ. ಆಮೇಲೆ ಎಡಗೈ ತಂದು ಆ ಮುಷ್ಟಿಯನ್ನೇ ಬಿಗಿಯಾಗಿ ಹಿಡಿದು, ಇದು ಜ್ಞಾನ, ಇದು ಋಷಿಯಂಥವನಿಗೆ ಮಾತ್ರ ಸಿಗುವುದು ಅನ್ನುತ್ತಿದ್ದ. ರೋಮಿನ ಲೇಖಕ ಸಿಸೆರೋ ಇದನ್ನು ಬರೆದಿಟ್ಟಿದ್ದಾನೆ. ಜೀನೋ ಸೈಪ್ರಸ್ ದ್ವೀಪದವನು. ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸ್‌ನಲ್ಲಿ ‘ಸ್ಟೋವಾ’ ಎಂಬ ಕಂಬಸಾಲಿನ ಮಂಟಪದಲ್ಲಿ ಪಾಠ ಶುರು ಮಾಡಿದ. ಅವನ ಕಡೆಯವರಿಗೆ ಸ್ಟೋಯಿಕರು ಅಂತ ಹೆಸರು ಬಂದದ್ದು ಅದರಿಂದಲೇ.

ನನಗೆ ತುಂಬ ಹಿಡಿಸಿದ್ದು ಆ ಎರಡನೇ ಹಂತ. ಕಾಣುವುದು ನಮ್ಮ ಕೈಯಲ್ಲಿಲ್ಲ, ಕಣ್ಣು ಬಿಟ್ಟರೆ ತಾನಾಗಿ ಬಂದು ಬೀಳುತ್ತದೆ. ಆದರೆ ಹೌದು ಅನ್ನುವುದೋ, ಸ್ವಲ್ಪ ತಡೆ ಅನ್ನುವುದೋ, ಅದು ಪೂರ್ತಿ ನಮಗೆ ಬಿಟ್ಟದ್ದು. ಜೀನೋ ಪ್ರಕಾರ ಎಂಥದ್ದಕ್ಕೆ ಹೌದು ಅನ್ನಬೇಕು? ಮೇಣದ ಮೇಲೆ ಉಂಗುರದ ಮುದ್ರೆ ಒತ್ತಿದ ಹಾಗೆ, ಕಂಡದ್ದು ನಿಜವಾಗಿ ಇದ್ದ ವಸ್ತುವಿನಿಂದಲೇ, ಅದು ಇದ್ದ ಹಾಗೆಯೇ ಮೂಡಿರಬೇಕು, ಬೇರೆಲ್ಲಿಂದಲೂ ಅಂಥ ಅಚ್ಚು ಬರುವಂತಿರಬಾರದು.

ಪ್ಲೇಟೋ ಕಟ್ಟಿದ ಅಕಾಡೆಮಿಯ ಆರ್ಕೆಸಿಲಾಸ್ ತಪ್ಪು ಹಿಡಿದದ್ದು ಈ ಕೊನೆಯ ಮಾತಿನಲ್ಲೇ. ಸುಳ್ಳೂ ಅಷ್ಟೇ ಸ್ಪಷ್ಟವಾಗಿ ಕಾಣಬಹುದಲ್ವಾ? ಅವಳಿಗಳನ್ನು ನೋಡಿ, ಮೊಟ್ಟೆಗಳನ್ನು ನೋಡಿ, ಒಂದನ್ನು ಇನ್ನೊಂದು ಅಂದುಕೊಳ್ಳುವುದಿಲ್ವಾ ಅಂತ ಅಕಾಡೆಮಿಯವರು ಬಿಡದೆ ಕೇಳಿದರು. ಈ ಜಗಳ ಸುಮಾರು 200 ವರ್ಷ ನಡೆಯಿತು.

ಸ್ಫೇರಸ್ ಎಂಬ ಸ್ಟೋಯಿಕನಿಗಂತೂ ಈಜಿಪ್ಟಿನ ರಾಜ ಟಾಲೆಮಿ ಮೇಣದ ದಾಳಿಂಬೆ ಇಡಿಸಿದ. ಸ್ಫೇರಸ್ ಮೋಸಹೋದ. ನೀನು ಸುಳ್ಳಿಗೆ ಒಪ್ಪಿಬಿಟ್ಟೆ ಅಂತ ರಾಜ ಕೂಗಿದಾಗ ಅವನು ಹೇಳಿದ್ದು: ‘ಇವು ದಾಳಿಂಬೆ ಅಂತ ನಾನು ಒಪ್ಪಲಿಲ್ಲ, ದಾಳಿಂಬೆ ಇರಬಹುದು ಅನ್ನುವುದಕ್ಕೆ ಕಾರಣ ಇದೆ ಅಂತ ಒಪ್ಪಿದೆ.’ ಸುಮ್ನೆ ಜಾರಿಕೊಂಡ ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಹಣ್ಣಿಗೆ ಕೈ ಚಾಚಲು ‘ಇರಬಹುದು’ ಸಾಕು, ಮುಷ್ಟಿ ಕಟ್ಟಲು ಸಾಲದು.

ಮೊಟ್ಟೆಗಳಿಗೂ ಉತ್ತರ ಇತ್ತು. ಲೋಕದಲ್ಲಿ ಯಾವ ಎರಡು ವಸ್ತುವೂ ಪೂರ್ತಿ ಒಂದೇ ಥರ ಇರುವುದಿಲ್ಲ, ಪಳಗಿದ ಕಣ್ಣಿಗೆ ವ್ಯತ್ಯಾಸ ಕಂಡೇ ಕಾಣುತ್ತದೆ ಅಂದರು ಸ್ಟೋಯಿಕರು. ಡೆಲೋಸ್ ದ್ವೀಪದಲ್ಲಿ ಹಿಂದೆ ಕೋಳಿ ಸಾಕುವವರು ಬೇಕಾದಷ್ಟು ಜನ ಇದ್ದರಂತೆ. ಒಂದು ಮೊಟ್ಟೆ ಕೈಗೆ ಕೊಟ್ಟರೆ ತಿರುಗಿಸಿ ನೋಡಿ, ಇದು ಇಂಥ ಕೋಳಿಯದು ಅಂತ ಹೇಳುತ್ತಿದ್ದರಂತೆ.