ಇಂಗ್ಲಿಷಿನ ‘ಅರ್ಸ್ಟ್‌ವೈಲ್’: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಬ್ಯಾಂಕಿನ ಸುತ್ತೋಲೆ, ಪತ್ರಿಕಾ ವರದಿ, ಪರೀಕ್ಷೆಯ ಗದ್ಯಭಾಗ, ಎಲ್ಲೆಡೆ ಎದುರಾಗುವ ಗುಣವಾಚಕವಿದು. ‘ಮೊಟ್ಟಮೊದಲು’ ಎಂಬರ್ಥದ ‘ಅರ್ಸ್ಟ್’, ಕಾಲವನ್ನು ಹೇಳುವ ‘ವೈಲ್’ ಎರಡೂ ಹಳೆಯ ಇಂಗ್ಲಿಷಿನಿಂದ ಬಂದವು.

ತೊಡಕಿರುವುದು ಅರ್ಥದಲ್ಲಿ. ನಿಘಂಟು ‘ಹಿಂದಿನ, ಹಳೆಯ’ ಎಂದು ಹೇಳಿ ಮುಂದೆ ಸಾಗುತ್ತದೆ. ಆ ‘ಹಳೆಯ’ವನ್ನು ನಂಬಿದರೆ ದಾರಿ ತಪ್ಪುತ್ತದೆ. ‘ಓಲ್ಡ್ ಫ್ರೆಂಡ್’ ಎಂದರೆ ಬಹುಕಾಲದ ಗೆಳೆಯ. ಗೆಳೆತನ ಇಂದಿಗೂ ಇದೆ. ‘ಅರ್ಸ್ಟ್‌ವೈಲ್ ಫ್ರೆಂಡ್’ ಎಂದರೆ ಮನುಷ್ಯ ಇದ್ದಾನೆ, ಗೆಳೆತನ ಉಳಿದಿಲ್ಲ. ಈ ಪದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಮುಂದಿನ ನಾಮಪದ ಸೂಚಿಸುವ ಹೆಸರು, ಸ್ಥಾನ ಅಥವಾ ನಂಟು ಮುಗಿದಿದೆ ಎಂಬುದಷ್ಟೇ ಇದರ ಮಾತು.

‘ಅರ್ಸ್ಟ್‌ವೈಲ್ ಮೈಸೂರ್ ಸ್ಟೇಟ್’ ನೋಡಿ. ನೆಲ ಎಲ್ಲಿಗೂ ಹೋಗಲಿಲ್ಲ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು, ಹಿಂದಿನ ಹೆಸರು ಕೊನೆಗೊಂಡಿತು.

ನನಗೆ ಬಹಳ ನೆರವಾದ ಉಪಾಯ: ನಾಮಪದಕ್ಕೆ ಕನ್ನಡದ ‘ಆಗಿದ್ದ’ ಸೇರಿಸಿ ನೋಡುವುದು. ಗೆಳೆಯನಾಗಿದ್ದವನು, ಮೈಸೂರು ರಾಜ್ಯವಾಗಿದ್ದ ಪ್ರದೇಶ: ಎರಡೂ ಕೂಡಿ ಬರುತ್ತವೆ. ಚಿತ್ರದುರ್ಗದ ಕೋಟೆಯನ್ನು ‘ಕೋಟೆಯಾಗಿದ್ದದ್ದು’ ಎನ್ನಲಾಗದು, ಅದು ಈಗಲೂ ಕೋಟೆಯೇ. ಆದ್ದರಿಂದ ಅಲ್ಲಿ ‘ಅರ್ಸ್ಟ್‌ವೈಲ್’ ಸಲ್ಲದು, ‘ಓಲ್ಡ್’ ಸಾಕು.

ಇದೇ ಉಪಾಯ ಇನ್ನೊಂದು ಗಂಟನ್ನೂ ಬಿಡಿಸುತ್ತದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾಯಿತು. ‘ಅರ್ಸ್ಟ್‌ವೈಲ್ ಸಿಂಡಿಕೇಟ್ ಬ್ಯಾಂಕ್ ಕಸ್ಟಮರ್ಸ್’ ಎಂದು ಬರೆದರೆ ಮುಗಿದದ್ದು ಯಾವುದು, ಬ್ಯಾಂಕೋ ಗ್ರಾಹಕತ್ವವೋ? ಎರಡಕ್ಕೂ ‘ಆಗಿದ್ದ’ ಹಚ್ಚಿ ನೋಡಿ. ಖಾತೆಗಳು ಕೆನರಾಕ್ಕೆ ಬಂದಿವೆ, ಅವರು ಗ್ರಾಹಕರಾಗಿಯೇ ಇದ್ದಾರೆ, ಇಲ್ಲವಾದದ್ದು ಬ್ಯಾಂಕ್. ಹಾಗಾಗಿ ವಿಶೇಷಣ ಬ್ಯಾಂಕಿಗೆ ಅಂಟಿಕೊಂಡಿದೆ. ಬರೆಯುವವರು ‘ಕಸ್ಟಮರ್ಸ್ ಆಫ್ ದಿ ಅರ್ಸ್ಟ್‌ವೈಲ್ ಸಿಂಡಿಕೇಟ್ ಬ್ಯಾಂಕ್’ ಎಂದರೆ ಓದುಗರಿಗೆ ಈ ಕಷ್ಟವೇ ಇರುವುದಿಲ್ಲ, ಹಾಗೆಯೇ ಬರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನೆರೆಯ ಪದಗಳು: ‘ಫಾರ್ಮರ್’ ಇದೇ ಅರ್ಥದ ಸರಳ ಪದ, ದಿನಬಳಕೆಗೆ ಅದೇ ಒಳ್ಳೆಯದು. ‘ಪ್ರೀವಿಯಸ್’ ಎಂದರೆ ಸಾಮಾನ್ಯವಾಗಿ ಈಗಿನದಕ್ಕೆ ತೀರ ಹಿಂದಿನದು: ‘ಫಾರ್ಮರ್ ಚೀಫ್ ಮಿನಿಸ್ಟರ್’ ಹಲವರಿರಬಹುದು, ‘ಪ್ರೀವಿಯಸ್’ ಒಬ್ಬರೇ. ‘ಲೇಟ್’ ಇಂದು ಸಾಮಾನ್ಯವಾಗಿ ತೀರಿಕೊಂಡವರಿಗೆ.

ಸ್ಥಾನದ ನಿಯಮವೂ ಇದೆ: ‘ಅರ್ಸ್ಟ್‌ವೈಲ್’ ನಾಮಪದಕ್ಕಿಂತ ಮೊದಲೇ ಬರಬೇಕು. ‘ದಿ ಬ್ಯಾಂಕ್ ಈಸ್ ಅರ್ಸ್ಟ್‌ವೈಲ್’ ಎಂಬ ವಾಕ್ಯ ಇಂಗ್ಲಿಷಿನಲ್ಲಿ ನಿಲ್ಲುವುದಿಲ್ಲ.