ಟೈನಿ ಕೋರ್ ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಕಾರ್ಡ್: ಆಫ್ ಮಾಡಿ ಆನ್ ಮಾಡಿದರೂ ಉಳಿಯುವಂತೆ

ಟೈನಿ ಕೋರ್ ಎಂಬ ಪುಟ್ಟ ಲಿನಕ್ಸ್ ಹಾಕಿಕೊಂಡ ಹೊಸದರಲ್ಲಿ ಮೂರು ದಿನ ನನಗೆ ಒಂದೇ ಕೆಲಸವಾಗಿತ್ತು. ಸಂಜೆ ಕೂತು ವೈಫೈ ಡಾಂಗಲ್ ಸರಿ ಮಾಡುವುದು, ರಾತ್ರಿ ಕಂಪ್ಯೂಟರ್ ಆಫ್ ಮಾಡಿ ಮಲಗುವುದು, ಮಾರನೇ ದಿನ ಮತ್ತೆ ಮೊದಲಿಂದ. ಇದ್ದದ್ದು 1 ಜಿಬಿ ರ‍್ಯಾಮ್‌ನ ಹಳೆಯ ನೆಟ್‌ಬುಕ್, ಅದಕ್ಕೆ ಚುಚ್ಚಿದ ಯುಎಸ್‌ಬಿ ಡಾಂಗಲ್. ಪ್ರತಿ ಸಂಜೆಯೂ ಕಾರ್ಡ್ ಕೆಲಸ ಮಾಡಿದೆ, ಆದರೆ ಮಾಡಿದ್ದು ಬೆಳಗಿನವರೆಗೆ ನಿಂತಿಲ್ಲ. ಕಾರ್ಡ್ ಓಡಿಸುವುದು ಒಂದು ಪ್ರಶ್ನೆ, ಓಡಿಸಿದ್ದನ್ನು ಉಳಿಸುವುದು ಇನ್ನೊಂದು. ಎರಡನ್ನೂ ಬೇರೆ ಮಾಡಿ ನೋಡಿದ ಮೇಲೆ ಗಂಟು ಬಿಚ್ಚಿಕೊಂಡಿತು. ಅದೇ ದಾರಿಯಲ್ಲಿರುವವರಿಗೆ ಈ ಟಿಪ್ಪಣಿ.

ಆಜ್ಞೆಗಳನ್ನೂ ಫೈಲ್ ಹೆಸರುಗಳನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು.

ಈ ಸಿಸ್ಟಮ್ ಯಾಕೆ ಮರೆಯುತ್ತದೆ

ಡ್ಯಾಮ್ ಸ್ಮಾಲ್ ಲಿನಕ್ಸ್ ಎಂಬ ಇನ್ನೊಂದು ಪುಟ್ಟ ಲಿನಕ್ಸ್‌ನಲ್ಲಿ ಕೆಲಸ ಮಾಡಿದ್ದ ರಾಬರ್ಟ್ ಶಿಂಗಲ್‌ಡೆಕರ್ ಟೈನಿ ಕೋರ್ ಶುರು ಮಾಡಿದರು. 1.0 ಆವೃತ್ತಿ 2009ರಲ್ಲಿ ಬಂತು. ಬೂಟ್ ಆಗುವಾಗ ಕರ್ನಲ್ (ಸಿಸ್ಟಮ್‌ನ ತಿರುಳು) ಜೊತೆಗೆ ಕೋರ್.ಜಿಝಡ್ ಎಂಬ ಒಂದೇ ಒಂದು ಚಿಕ್ಕ ಫೈಲ್ ರ‍್ಯಾಮ್‌ನೊಳಗೆ ಬಿಚ್ಚಿಕೊಳ್ಳುತ್ತದೆ, ಇಡೀ ಸಿಸ್ಟಮ್ ಅಲ್ಲಿಂದಲೇ ನಡೆಯುತ್ತದೆ. ಹಾರ್ಡ್ ಡಿಸ್ಕ್ ಇದ್ದರೂ ಸೆಟ್ಟಿಂಗ್‌ಗಳ ಫೋಲ್ಡರ್ ಆದ /ಇಟಿಸಿ ಇರುವುದು ಡಿಸ್ಕ್‌ನಲ್ಲಲ್ಲ, ರ‍್ಯಾಮ್‌ನಲ್ಲಿ. ಉಬುಂಟು ಬಳಸಿ ಬಂದವರು ಎಡವುವುದು ಇಲ್ಲೇ. ಅಲ್ಲಿ /ಇಟಿಸಿ ಒಳಗಿನ ಒಂದು ಸಾಲು ತಿದ್ದಿದರೆ ಅದು ನಾಳೆಗೂ ಇರುತ್ತದೆ. ಇಲ್ಲಿ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಹಾಗೆ, ಪವರ್ ಹೋದ ಕೂಡಲೇ ಅಳಿಸಿಹೋಗುತ್ತದೆ.

ಅಳಿಯದೆ ಉಳಿಯುವ ಜಾಗ ಮೂರೇ. ಒಂದು, ಡಿಸ್ಕ್ ಅಥವಾ ಪೆನ್‌ಡ್ರೈವ್ ಮೇಲಿನ ಟಿಸಿಇ ಫೋಲ್ಡರ್. ಟಿಸಿಝಡ್ ಎಂಬ ಎಕ್ಸ್‌ಟೆನ್ಷನ್‌ಗಳು, ಅಂದರೆ ನಾವು ಆಮೇಲೆ ಸೇರಿಸಿಕೊಳ್ಳುವ ಪ್ಯಾಕೇಜ್‌ಗಳು, ಇರುವುದು ಅದರಲ್ಲಿ. ಎರಡು, ಅದೇ ಫೋಲ್ಡರ್‌ನಲ್ಲಿ ಕೂರುವ ಮೈಡೇಟಾ.ಟಿಜಿಝಡ್ ಎಂಬ ಬ್ಯಾಕಪ್ ಗಂಟು. ಮೂರು, ಸಿಸ್ಟಮ್ ಎಬ್ಬಿಸುವ ಬೂಟ್‌ಲೋಡರ್‌ನ ಸಾಲಿನಲ್ಲಿ ನಾವು ಸೇರಿಸುವ ಸೂಚನೆಗಳು, ಅಂದರೆ ಬೂಟ್‌ಕೋಡ್‌ಗಳು. ಕಾರ್ಡ್‌ಗೆ ಬೇಕಾದ ಪ್ರತಿಯೊಂದು ವಸ್ತುವನ್ನೂ ಈ ಮೂರರಲ್ಲಿ ಒಂದು ಕಡೆ ಇಡಬೇಕು. ಕೆಳಗೆ ಬರೆದಿರುವುದೆಲ್ಲ ಯಾವುದನ್ನು ಎಲ್ಲಿ ಇಡಬೇಕು ಎಂಬುದೇ.

ಟಿಸಿಇ ಫೋಲ್ಡರ್ ನಿಜವಾಗಿಯೂ ಡಿಸ್ಕ್ ಮೇಲಿದೆಯಾ ಅಂತ ಮೊದಲು ನೋಡಿಕೊಳ್ಳಿ:

ಎಲ್‌ಎಸ್ -ಎಲ್ /ಇಟಿಸಿ/ಸಿಸ್‌ಕಾನ್ಫಿಗ್/ಟಿಸಿಇಡಿರ್

ಬಾಣದ ಗುರುತಿನ ಆಚೆ /ಎಂಎನ್‌ಟಿ/ಎಸ್‌ಡಿಎ1/ಟಿಸಿಇ ಥರದ್ದು ಕಂಡರೆ ಒಳ್ಳೆಯದು. /ಟಿಎಂಪಿ/ಟಿಸಿಇ ಅಂತ ಬಂದರೆ ನೀವು ಇಳಿಸಿಕೊಂಡ ಡ್ರೈವರ್ ಎಲ್ಲವೂ ರ‍್ಯಾಮ್‌ನಲ್ಲೇ ಇದೆ ಎಂದರ್ಥ, ಆಫ್ ಮಾಡಿದರೆ ಹೋಯಿತು. ಆಗ ಟಿಸಿಇ-ಸೆಟ್‌ಡ್ರೈವ್ ಎಂಬ ಆಜ್ಞೆಯಿಂದ ಡಿಸ್ಕ್ ಆರಿಸಿಕೊಂಡು ಮುಂದುವರಿಯಿರಿ. ನನ್ನ ಮೊದಲ ಸಂಜೆಯ ಶ್ರಮ ಪೂರ್ತಿ ಹಾಳಾದದ್ದು ಈ ಒಂದು ಸಾಲನ್ನು ನೋಡದೆ ಇದ್ದದ್ದಕ್ಕೆ.

ಚಿಪ್ ಯಾವುದು

ಡಬ್ಬದ ಮೇಲಿನ ಹೆಸರನ್ನು ನಂಬಿಕೊಂಡು ಡ್ರೈವರ್ ಹುಡುಕಬೇಡಿ. ಟಿಪಿ-ಲಿಂಕ್‌ನ ಡಬ್ಲ್ಯೂಎನ್722ಎನ್ ಡಾಂಗಲ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಆವೃತ್ತಿಯಲ್ಲಿ ಅಥೆರಾಸ್ ಎಆರ್9271 ಚಿಪ್ ಇತ್ತು, ಎರಡನೇ ಆವೃತ್ತಿಯಿಂದ ರಿಯಲ್‌ಟೆಕ್ ಚಿಪ್ ಬಂತು. ಹೆಸರು ಒಂದೇ, ಬೇಕಾದ ಡ್ರೈವರ್ ಬೇರೆ ಬೇರೆ. ನಂಬಬೇಕಾದದ್ದು ಸಾಧನವೇ ಹೇಳಿಕೊಳ್ಳುವ ಗುರುತಿನ ಸಂಖ್ಯೆಯನ್ನು. ಡಾಂಗಲ್ ಚುಚ್ಚಿ, ಕೂಡಲೇ ಇದನ್ನು ಹೊಡೆಯಿರಿ (ಡಿಮೆಸ್ಗ್ ಎಂದರೆ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಆಜ್ಞೆ):

ಡಿಮೆಸ್ಗ್ | ಟೇಲ್ -ಎನ್ 20

ನನ್ನ ಪರದೆಯಲ್ಲಿ ಐಡಿ-ವೆಂಡರ್ 0ಸಿಎಫ್3, ಐಡಿ-ಪ್ರಾಡಕ್ಟ್ 9271 ಅಂತ ಬಂತು. ಮೊದಲನೆಯದು ತಯಾರಕರ ಗುರುತು, ಎರಡನೆಯದು ಆ ಮಾದರಿಯದು. ಒಳಗೆ ಕೂರಿಸಿದ ಕಾರ್ಡ್ ಆದರೆ ಎಲ್‌ಎಸ್‌ಪಿಸಿಐ -ಎನ್‌ಎನ್ ಎಂದು ಕೇಳಬೇಕು. ಅಲ್ಲೂ ಇದೇ ಥರ ಜೋಡಿ ಸಂಖ್ಯೆ: ರಿಯಲ್‌ಟೆಕ್‌ನದ್ದು 10ಇಸಿ, ಬ್ರಾಡ್‌ಕಾಮ್‌ನದ್ದು 14ಇ4, ಇಂಟೆಲ್‌ನದ್ದು 8086. ಇಂಟೆಲ್ ತನ್ನ ಹಳೆಯ ಪ್ರೊಸೆಸರ್‌ನ ಸಂಖ್ಯೆಯನ್ನೇ ಗುರುತಾಗಿ ಇಟ್ಟುಕೊಂಡಿರುವುದರಿಂದ ಅದೊಂದು ಸುಲಭವಾಗಿ ನೆನಪಿರುತ್ತದೆ. ಈ ಜೋಡಿ ಸಂಖ್ಯೆಯನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ, ಹುಡುಕುವಾಗ ಬೇಕಾಗುವುದು ಇದೇ.

ಡ್ರೈವರ್ ಬೇರೆ, ಫರ್ಮ್‌ವೇರ್ ಬೇರೆ

ಇಲ್ಲಿ ನಿಧಾನವಾಗಿ ಓದಿ. ನನಗೆ ಹೆಚ್ಚು ಹೊತ್ತು ಹಿಡಿದದ್ದು ಈ ಭಾಗ.

ಎಆರ್9271 ಚಿಪ್‌ಗೆ ಕರ್ನಲ್‌ನಲ್ಲಿರುವ ಡ್ರೈವರ್ ಮಾಡ್ಯೂಲ್‌ನ ಹೆಸರು ಎಟಿಎಚ್9ಕೆ_ಎಚ್‌ಟಿಸಿ. ಟೈನಿ ಕೋರ್‌ನಲ್ಲಿ ಅದು ವೈರ್‌ಲೆಸ್-ಕರ್ನಲ್ ಎಂಬ ಎಕ್ಸ್‌ಟೆನ್ಷನ್‌ನೊಳಗಿದೆ. ಅದನ್ನು ಲೋಡ್ ಮಾಡಿ, ಆಯಿತು ಅಂದುಕೊಂಡು ನೋಡಿದರೆ ಡಬ್ಲ್ಯೂಲ್ಯಾನ್0 (ವೈಫೈ ಕಾರ್ಡ್‌ಗೆ ಸಿಸ್ಟಮ್ ಕೊಡುವ ಹೆಸರು) ಇಲ್ಲ. ಡಿಮೆಸ್ಗ್‌ನಲ್ಲಿ ಒಂದು ಸಾಲು ಕೂತಿತ್ತು: ಎಚ್‌ಟಿಸಿ_9271-1.4.0.ಎಫ್‌ಡಬ್ಲ್ಯೂ ಎಂಬ ಫೈಲ್ ಲೋಡ್ ಮಾಡಲು ಆಗಲಿಲ್ಲ, ಎರರ್ -2. ಲಿನಕ್ಸ್‌ನಲ್ಲಿ -2 ಎಂದರೆ ಕೇಳಿದ ಫೈಲ್ ಸಿಗಲಿಲ್ಲ ಎಂದು. ಡಾಂಗಲ್ ಕೆಟ್ಟಿರಲಿಲ್ಲ, ಡ್ರೈವರ್ ತಪ್ಪಾಗಿರಲಿಲ್ಲ, ಬೇಕಾದ ಫೈಲ್ ಆ ಜಾಗದಲ್ಲಿ ಇರಲಿಲ್ಲ. ಎರರ್ ಬಂದಾಗ ಸಂಖ್ಯೆಯನ್ನು ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ನನಗೆ ಆ ದಿನದಿಂದ ಬಂತು.

ಡ್ರೈವರ್ ಓಡುವುದು ನಮ್ಮ ಕಂಪ್ಯೂಟರ್‌ನ ಪ್ರೊಸೆಸರ್ ಮೇಲೆ. ಫರ್ಮ್‌ವೇರ್ ಓಡುವುದು ಡಾಂಗಲ್ ಒಳಗಿನ ಚಿಪ್ ಮೇಲೆ. ಈ ಚಿಪ್ ತನ್ನ ಫರ್ಮ್‌ವೇರ್ ಅನ್ನು ತನ್ನಲ್ಲೇ ಕಾಯಂ ಆಗಿ ಇಟ್ಟುಕೊಂಡಿರುವುದಿಲ್ಲ. ಪವರ್ ಸಿಕ್ಕ ಪ್ರತಿ ಸಲವೂ ಡ್ರೈವರ್ ಅದಕ್ಕೆ ಫೈಲ್ ಕಳಿಸಬೇಕು, ಅದು ಓದಿಕೊಂಡ ಮೇಲೆ ಮಾತ್ರ ರೇಡಿಯೊ ಎಚ್ಚರಗೊಳ್ಳುತ್ತದೆ. ಅಂದರೆ ಇಲ್ಲಿ ಮರೆಯುವವರು ಇಬ್ಬರು: ರ‍್ಯಾಮ್‌ನಲ್ಲಿ ಓಡುವ ಸಿಸ್ಟಮ್ ಒಂದು ಕಡೆ, ಡಾಂಗಲ್ ಇನ್ನೊಂದು ಕಡೆ. ಇಬ್ಬರಿಗೂ ದಿನಾ ನೆನಪು ಮಾಡಿಕೊಡುವ ಏರ್ಪಾಡು ಬೇಕು.

ಎಲ್ಲ ಕಾರ್ಡ್‌ಗೂ ಹೀಗಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳ ಒಳಗೆ ಬರುತ್ತಿದ್ದ ಎಆರ್9285 ಕಾರ್ಡ್ ಎಟಿಎಚ್9ಕೆ ಡ್ರೈವರ್‌ನಲ್ಲಿ ಫರ್ಮ್‌ವೇರ್ ಫೈಲ್ ಕೇಳದೆ ನಡೆಯುತ್ತದೆ. ಹಳೆಯ ಮಷೀನ್‌ಗೆ ಕಾರ್ಡ್ ಕೊಳ್ಳುವುದಾದರೆ ನಾನು ಇಂಥದ್ದನ್ನೇ ಆರಿಸುತ್ತೇನೆ.

ನನ್ನ ಡಾಂಗಲ್‌ಗೆ ಬೇಕಾದ ಫೈಲ್ ಫರ್ಮ್‌ವೇರ್-ಅಥೆರಾಸ್ ಎಕ್ಸ್‌ಟೆನ್ಷನ್‌ನಲ್ಲಿದೆ. ರಿಯಲ್‌ಟೆಕ್ ಚಿಪ್‌ಗೆ ಫರ್ಮ್‌ವೇರ್-ಆರ್‌ಟಿಎಲ್‌ವೈಫೈ, ಇಂಟೆಲ್‌ಗೆ ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ. ನಾನು ಹಾಕಿಕೊಂಡದ್ದು ಇಷ್ಟು:

ಟಿಸಿಇ-ಲೋಡ್ -ಡಬ್ಲ್ಯೂಐ ಫರ್ಮ್‌ವೇರ್-ಅಥೆರಾಸ್
ಟಿಸಿಇ-ಲೋಡ್ -ಡಬ್ಲ್ಯೂಐ ವೈರ್‌ಲೆಸ್-ಕರ್ನಲ್
ಟಿಸಿಇ-ಲೋಡ್ -ಡಬ್ಲ್ಯೂಐ ವೈಫೈ

ಎರಡನೆಯ ಸಾಲಿನ ಕರ್ನಲ್ ಎಂಬ ಪದವನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ಹೊಡೆಯಬೇಕು. ಆ ಜಾಗಕ್ಕೆ ಈಗ ಓಡುತ್ತಿರುವ ಕರ್ನಲ್‌ನ ಪೂರ್ತಿ ಹೆಸರು ತಾನಾಗಿ ಕೂರುತ್ತದೆ. ಟೈನಿ ಕೋರ್ 15ರಲ್ಲಾದರೆ 6.6.8-ಟೈನಿಕೋರ್. ಒಂದು ಕರ್ನಲ್‌ಗೆ ಕಟ್ಟಿದ ಮಾಡ್ಯೂಲ್ ಇನ್ನೊಂದಕ್ಕೆ ಹೊಂದುವುದಿಲ್ಲ. ಟೈನಿ ಕೋರ್‌ನ ಆವೃತ್ತಿ ಬದಲಿಸಿದ ಮೇಲೆ ವೈಫೈ ಇದ್ದಕ್ಕಿದ್ದಂತೆ ನಿಂತರೆ ಮೊದಲ ಅನುಮಾನ ಇದರ ಮೇಲಿರಲಿ.

ನೆಟ್ ಇಲ್ಲದೆ ನೆಟ್‌ನ ಡ್ರೈವರ್ ಇಳಿಸುವುದು ಹೇಗೆ? ಲ್ಯಾನ್ ಕೇಬಲ್ ಇದ್ದರೆ ಅದೇ ಸಲೀಸು. ಇಲ್ಲದಿದ್ದರೆ ಕೋರ್‌ಪ್ಲಸ್ ಎಂಬ ದೊಡ್ಡ ಐಎಸ್‌ಒ ಬಳಸಿ, ವೈರ್‌ಲೆಸ್ ಎಕ್ಸ್‌ಟೆನ್ಷನ್‌ಗಳೂ ಫರ್ಮ್‌ವೇರ್‌ಗಳೂ ಅದರಲ್ಲೇ ಬರುತ್ತವೆ. ಇನ್ನೊಂದು ದಾರಿ, ಬೇರೆ ಕಂಪ್ಯೂಟರ್‌ನಲ್ಲಿ ಟಿಸಿಝಡ್ ಫೈಲ್‌ಗಳನ್ನು ಇಳಿಸಿ ಟಿಸಿಇ ಒಳಗಿನ ಆಪ್ಷನಲ್ ಫೋಲ್ಡರ್‌ಗೆ ಹಾಕುವುದು. ಹೀಗೆ ಮಾಡುವಾಗ ಡೆಪ್ ಎಂದು ಕೊನೆಯಾಗುವ ಫೈಲ್ ತೆರೆದು, ಅದರಲ್ಲಿ ಹೆಸರಿಸಿರುವ ಎಕ್ಸ್‌ಟೆನ್ಷನ್‌ಗಳನ್ನೂ ತರಬೇಕು.

ಹೀಗೆ ಕೈಯಾರೆ ತಂದದ್ದನ್ನು ಬರೀ -ಐ ಕೊಟ್ಟು ಲೋಡ್ ಮಾಡಿದರೆ ಆ ಹೊತ್ತಿಗೆ ಮಾತ್ರ ನಡೆಯುತ್ತದೆ. ಬೂಟ್ ಆಗುವಾಗ ಯಾವ ಎಕ್ಸ್‌ಟೆನ್ಷನ್ ಲೋಡ್ ಆಗಬೇಕು ಎಂಬ ಪಟ್ಟಿ ಟಿಸಿಇ ಫೋಲ್ಡರ್‌ನ ಆನ್‌ಬೂಟ್.ಎಲ್‌ಎಸ್‌ಟಿ ಫೈಲ್‌ನಲ್ಲಿದೆ. -ಡಬ್ಲ್ಯೂಐ ಕೊಟ್ಟು ಇಳಿಸಿದ್ದು ಆ ಪಟ್ಟಿಗೆ ತಾನಾಗಿ ಸೇರುತ್ತದೆ, -ಐ ಮಾತ್ರ ಕೊಟ್ಟದ್ದು ಸೇರುವುದಿಲ್ಲ. ಫೈಲ್ ತೆರೆದು ಕಣ್ಣಾರೆ ನೋಡಿ, ಇಲ್ಲದ ಹೆಸರನ್ನು ಟಿಸಿಝಡ್ ಸಹಿತ ಒಂದೊಂದು ಸಾಲಿಗೆ ಒಂದರಂತೆ ಬರೆಯಿರಿ. ನಾನು ಫರ್ಮ್‌ವೇರ್ ಸಾಲನ್ನು ವೈರ್‌ಲೆಸ್ ಸಾಲಿಗಿಂತ ಮೇಲೆ ಇಟ್ಟಿದ್ದೇನೆ. ಡ್ರೈವರ್ ಕೇಳುವ ಹೊತ್ತಿಗೆ ಫೈಲ್ ಸಿದ್ಧವಾಗಿರಲಿ ಎಂದು.

ಈಗ ಓಡುತ್ತಿರುವ ಸಿಸ್ಟಮ್‌ನಲ್ಲೇ ಫರ್ಮ್‌ವೇರ್ ಆಮೇಲೆ ಹಾಕಿದ್ದರೆ ಡಾಂಗಲ್ ತೆಗೆದು ಮತ್ತೆ ಚುಚ್ಚಬೇಕು, ಅಥವಾ ಆರ್‌ಎಂಮೋಡ್ ಕೊಟ್ಟು ಮಾಡ್ಯೂಲ್ ತೆಗೆದು ಮೋಡ್‌ಪ್ರೋಬ್‌ನಿಂದ ಮತ್ತೆ ಹಾಕಬೇಕು. ಒಮ್ಮೆ ಸೋತ ಡ್ರೈವರ್ ಫೈಲ್ ಬಂದ ಸುದ್ದಿ ತಿಳಿದು ತಾನಾಗಿ ಎದ್ದು ಬರುವುದಿಲ್ಲ. ನಾನು ಮತ್ತೆ ಚುಚ್ಚಿದಾಗ ಡಿಮೆಸ್ಗ್‌ನಲ್ಲಿ ಫರ್ಮ್‌ವೇರ್ ವರ್ಗಾವಣೆಯಾಯಿತು, ಗಾತ್ರ 51008 ಎಂಬ ಸಾಲು ಬಂತು. ಸುಮಾರು 51 ಸಾವಿರ ಬೈಟ್, ಒಂದು ಚಿಕ್ಕ ಫೋಟೊದಷ್ಟೂ ಇಲ್ಲ. ಅಷ್ಟು ಹೊತ್ತು ನಿಂತದ್ದು ಅದಕ್ಕೆ. ಡಾಂಗಲ್‌ನ ಹಸಿರು ದೀಪ ಆಗ ಮಿನುಗಿತು.

ಪಾಸ್‌ವರ್ಡ್ ಮತ್ತು ತಾನಾಗಿ ಕನೆಕ್ಟ್ ಆಗುವುದು

ಸುಡೊ ವೈಫೈ.ಎಸ್‌ಎಚ್ ಎಂದು ಹೊಡೆದರೆ ಸುತ್ತಲಿನ ನೆಟ್‌ವರ್ಕ್‌ಗಳ ಪಟ್ಟಿ ಬರುತ್ತದೆ. ನಿಮ್ಮದರ ಸಂಖ್ಯೆ ಆರಿಸಿ ಪಾಸ್‌ವರ್ಡ್ ಕೊಡಿ. ಅದು ಹೋಮ್ ಫೋಲ್ಡರ್‌ನಲ್ಲಿ ವೈಫೈ.ಡಿಬಿ ಎಂಬ ಫೈಲ್‌ಗೆ ಸೇರುತ್ತದೆ. ಪಾಸ್‌ವರ್ಡ್ ಅಲ್ಲಿ ಯಾರು ಬೇಕಾದರೂ ಓದಬಹುದಾದ ಹಾಗೆ ಇರುತ್ತದೆ, ಪೆನ್‌ಡ್ರೈವ್ ಯಾರಿಗಾದರೂ ಕೊಡುವ ಮುಂಚೆ ಇದು ನೆನಪಿರಲಿ.

ಬೂಟ್ ಆದಾಗ ತಾನಾಗಿ ಕನೆಕ್ಟ್ ಆಗಲು /ಆಪ್ಟ್/ಬೂಟ್‌ಲೋಕಲ್.ಎಸ್‌ಎಚ್ ಫೈಲ್‌ನ ಕೊನೆಗೆ ಈ ಸಾಲು ಬೇಕು:

/ಯುಎಸ್‌ಆರ್/ಲೋಕಲ್/ಬಿನ್/ವೈಫೈ.ಎಸ್‌ಎಚ್ -ಎ

ಈ ಫೈಲ್ ರೂಟ್ ಅಧಿಕಾರದಲ್ಲೇ ಓಡುವುದರಿಂದ ಸುಡೊ ಬೇಡ. ನಿಧಾನದ ಮಷೀನ್‌ನಲ್ಲಿ ಡಾಂಗಲ್ ಎದ್ದೇಳುವ ಮುಂಚೆಯೇ ಈ ಸಾಲು ಓಡಿ ಸೋಲಬಹುದು. ಅದರ ಮೇಲೆ ಸ್ಲೀಪ್ 5 ಎಂದು ಬರೆದರೆ ಬಹಳ ಕಡೆ ಸಾಕಾಗುತ್ತದೆ. /ಸಿಸ್/ಕ್ಲಾಸ್/ನೆಟ್ ಫೋಲ್ಡರ್‌ನಲ್ಲಿ ಡಬ್ಲ್ಯೂಲ್ಯಾನ್0 ಕಾಣಿಸುವವರೆಗೆ ಸೆಕೆಂಡಿಗೊಮ್ಮೆ ನೋಡುವ, ಇಪ್ಪತ್ತು ಸೆಕೆಂಡ್ ಆದರೆ ಬಿಟ್ಟುಬಿಡುವ ಚಿಕ್ಕ ಲೂಪ್ ಇನ್ನೂ ಒಳ್ಳೆಯದು. ಕಣ್ಣುಮುಚ್ಚಿ ಕಾಯುವುದಕ್ಕಿಂತ ನೋಡುತ್ತ ಕಾಯುವುದನ್ನು ನಾನು ಇಷ್ಟಪಡುತ್ತೇನೆ.

ಕೇಬಲ್ ಕಾರ್ಡ್ ಆದರೆ

ಕೇಬಲ್ ಕಾರ್ಡ್‌ಗಳು ಬಹುಪಾಲು ತಾವಾಗಿಯೇ ನಡೆಯುತ್ತವೆ, ಬ್ಯುಸಿಬಾಕ್ಸ್ ಎಂಬ ಚಿಕ್ಕ ಆಜ್ಞೆಗಳ ಗುಂಪಿನಲ್ಲಿರುವ ಯುಡಿಎಚ್‌ಸಿಪಿಸಿ ಐಪಿ ವಿಳಾಸ ತಂದುಕೊಡುತ್ತದೆ. ಹಳೆಯ ರಿಯಲ್‌ಟೆಕ್ 8139 ಕಾರ್ಡ್‌ಗೆ ಮಾತ್ರ ಎರಡು ಮಾಡ್ಯೂಲ್‌ಗಳು ಕೈಯೆತ್ತುತ್ತವೆ: 8139ಸಿಪಿ, 8139ಟೂ. ಮೊದಲನೆಯದು ಬಂದು, ಇದು ನನ್ನ ಚಿಪ್ ಅಲ್ಲ, 8139ಟೂ ಬಳಸಿ ಎಂದು ಡಿಮೆಸ್ಗ್‌ನಲ್ಲಿ ಹೇಳಿ ಹಿಂದೆ ಸರಿಯುತ್ತದೆ. ಆ ಸಾಲು ಕಂಡರೆ ಗಾಬರಿ ಬೇಡ. ತೊಂದರೆ ಕೊಟ್ಟರೆ ಬೂಟ್‌ಕೋಡ್‌ನಲ್ಲಿ ಬ್ಲ್ಯಾಕ್‌ಲಿಸ್ಟ್=8139ಸಿಪಿ ಎಂದು ಸೇರಿಸಿ.

ಬದಲಾಗದ ಐಪಿ ಬೇಕಿದ್ದರೆ /ಆಪ್ಟ್ ಒಳಗೆ ಇಟಿಎಚ್0.ಎಸ್‌ಎಚ್ ಎಂಬ ಸ್ಕ್ರಿಪ್ಟ್ ಬರೆಯಿರಿ. ಮೊದಲ ಸಾಲಿನಲ್ಲಿ ಪಿಕಿಲ್ ಯುಡಿಎಚ್‌ಸಿಪಿಸಿ, ಆಮೇಲೆ ಇಫ್‌ಕಾನ್ಫಿಗ್‌ನಿಂದ 192.168.1.50 ಥರದ ವಿಳಾಸ ಮತ್ತು 255.255.255.0 ಮಾಸ್ಕ್, ರೌಟ್ ಆಡ್ ಡಿಫಾಲ್ಟ್‌ನಿಂದ ಗೇಟ್‌ವೇ, ಕೊನೆಗೆ ನೇಮ್‌ಸರ್ವರ್ ವಿಳಾಸವನ್ನು /ಇಟಿಸಿ/ರಿಸಾಲ್ವ್.ಕಾನ್ಫ್‌ಗೆ ಬರೆಯುವ ಸಾಲು. ಸಿಎಚ್‌ಮೋಡ್ +ಎಕ್ಸ್ ಕೊಟ್ಟು ಬೂಟ್‌ಲೋಕಲ್‌ನಿಂದ ಕರೆಯಿರಿ. ರಿಸಾಲ್ವ್.ಕಾನ್ಫ್ ಅನ್ನು ಕೈಯಲ್ಲಿ ಒಮ್ಮೆ ತಿದ್ದಿಟ್ಟರೆ ಸಾಲದು, ಅದು /ಇಟಿಸಿಯಲ್ಲಿದೆ. ಸ್ಕ್ರಿಪ್ಟ್ ಅದನ್ನು ದಿನಾ ಹೊಸದಾಗಿ ಬರೆಯಬೇಕು. ಕರ್ನಲ್ ಬೂಟ್ ಸಾಲಿನಲ್ಲಿ ನೋಡಿಎಚ್‌ಸಿಪಿ ಸೇರಿಸಿದರೆ ಬೂಟ್ ಹೊತ್ತಿನ ಕಾಯುವಿಕೆಯೂ ತಪ್ಪುತ್ತದೆ.

ಗಂಟು ಕಟ್ಟುವುದು

ಬೂಟ್‌ಲೋಕಲ್.ಎಸ್‌ಎಚ್ ಇರುವುದು /ಆಪ್ಟ್‌ನಲ್ಲಿ, ವೈಫೈ.ಡಿಬಿ ಇರುವುದು ಹೋಮ್‌ನಲ್ಲಿ. ಎರಡೂ ರ‍್ಯಾಮ್‌ನಲ್ಲೇ ಇವೆ. ಇವನ್ನು ಡಿಸ್ಕ್‌ಗೆ ಒಯ್ಯುವ ಆಜ್ಞೆ:

ಫೈಲ್‌ಟೂಲ್.ಎಸ್‌ಎಚ್ -ಬಿ

/ಆಪ್ಟ್/.ಫೈಲ್‌ಟೂಲ್.ಎಲ್‌ಎಸ್‌ಟಿ ಪಟ್ಟಿಯಲ್ಲಿ ಹೆಸರಿರುವುದನ್ನೆಲ್ಲ ಇದು ಮೈಡೇಟಾ.ಟಿಜಿಝಡ್‌ಗೆ ಕಟ್ಟುತ್ತದೆ. ಆಪ್ಟ್, ಹೋಮ್ ಎರಡೂ ಆ ಪಟ್ಟಿಯಲ್ಲಿ ಮೊದಲೇ ಇರುತ್ತವೆ. /ಇಟಿಸಿಯ ಫೈಲ್ ಒಂದನ್ನು ಉಳಿಸಲೇಬೇಕಿದ್ದರೆ ಅದರ ದಾರಿಯನ್ನು ಶುರುವಿನ ಓರೆಗೆರೆ (/) ಇಲ್ಲದೆ ಅಲ್ಲಿ ಸೇರಿಸಿ. ಬೂಟ್‌ಕೋಡ್‌ನಲ್ಲಿ ನೋರಿಸ್ಟೋರ್ ಇದ್ದರೆ ಕಟ್ಟಿದ ಗಂಟು ಬಿಚ್ಚಿಕೊಳ್ಳುವುದೇ ಇಲ್ಲ, ಅದನ್ನೂ ಒಮ್ಮೆ ನೋಡಿ.

ಪರೀಕ್ಷೆಯನ್ನು ರೀಬೂಟ್‌ನಿಂದ ಮಾಡಬೇಡಿ. ಎಷ್ಟೋ ಮಷೀನ್‌ಗಳಲ್ಲಿ ರೀಬೂಟ್ ಆಗುವಾಗ ಯುಎಸ್‌ಬಿ ಪೋರ್ಟ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಆಗ ಡಾಂಗಲ್ ಪೂರ್ತಿ ಖಾಲಿಯಾಗದೆ ಉಳಿದು, ಫಲಿತಾಂಶ ನಂಬುವ ಹಾಗಿರುವುದಿಲ್ಲ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಲು ಬರುವುದಾದರೆ ಅದನ್ನೂ ಬಿಚ್ಚಿ ಒಂದು ನಿಮಿಷ ಬಿಡಿ. ಮತ್ತೆ ಆನ್ ಮಾಡಿ, ಕೀಬೋರ್ಡ್ ಮುಟ್ಟದೆ ಅರ್ಧ ನಿಮಿಷ ಕಾದು, ಟರ್ಮಿನಲ್ ತೆರೆದು ಇಫ್‌ಕಾನ್ಫಿಗ್ ಡಬ್ಲ್ಯೂಲ್ಯಾನ್0 ಎಂದು ಕೇಳಿ. ಐಪಿ ವಿಳಾಸ ಬಂದಿದ್ದರೆ ಮುಗಿಯಿತು. ಡಬ್ಲ್ಯೂಲ್ಯಾನ್0 ಇದ್ದು ವಿಳಾಸ ಇಲ್ಲದಿದ್ದರೆ ಬೂಟ್‌ಲೋಕಲ್ ನೋಡಿ. ಡಬ್ಲ್ಯೂಲ್ಯಾನ್0 ಇಲ್ಲವೇ ಇಲ್ಲವೆಂದರೆ ಡಿಮೆಸ್ಗ್‌ನಲ್ಲಿ -2 ಹುಡುಕಿ, ಆಮೇಲೆ ಆನ್‌ಬೂಟ್.ಎಲ್‌ಎಸ್‌ಟಿ ತೆರೆಯಿರಿ.